ಮೊದಲು ಗಾಡಿ, ಆಮೇಲೆ ಮೇಕೆ: ಮಕ್ಕಳ ಮಿನಿ ಎಟಿವಿ ಮತ್ತು ಫಾರ್ಮ್ ದಿನದ ನನ್ನ ಅನುಭವ

ಮಿನಿ ಎಟಿವಿ (ದಪ್ಪ ಟೈರಿನ, ನಾಲ್ಕು ಚಕ್ರದ ಪುಟ್ಟ ಗಾಡಿ) ಸವಾರಿ ಮತ್ತು ಸಾಕುಪ್ರಾಣಿಗಳ ಒಡನಾಟ ಎರಡನ್ನೂ ಒಂದೇ ಜಾಗದಲ್ಲಿ ನಡೆಸುವಾಗ ನಾನು ಬಿಡದೆ ಪಾಲಿಸುವ ಕ್ರಮ ಒಂದಿದೆ: ಮೊದಲು ಗಾಡಿ, ಆಮೇಲೆ ಮೇಕೆ, ಆಮೇಲೆ ನಲ್ಲಿ, ಕೊನೆಗೆ ಊಟ. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ. ಬಂದಿಳಿದ ಮಕ್ಕಳು ಕುರಿಮರಿ ಕಂಡ ಕಡೆ ಓಡುತ್ತವೆ, ಅಲ್ಲಿಂದ ಸೀದಾ ಹೆಲ್ಮೆಟ್ ಹಾಕಿಸಿ ಗಾಡಿ ಹತ್ತಿಸುತ್ತಾರೆ. ಮೇಕೆಯ ಮೈ ಸವರಿದ ಕೈ ಹ್ಯಾಂಡಲ್ ಹಿಡಿಯುತ್ತದೆ, ಹೆಲ್ಮೆಟ್ಟಿನ ಗಲ್ಲಪಟ್ಟಿ ಮುಟ್ಟುತ್ತದೆ, ಬೆವರಿದ ಮುಖ ಒರೆಸುತ್ತದೆ. ಅದೇ ಹ್ಯಾಂಡಲ್, ಅದೇ ಪಟ್ಟಿ ಮುಂದಿನ ಮಗುವಿಗೆ ಹೋಗುತ್ತದೆ. ಗಾಡಿ ಮೊದಲು ಮುಗಿದರೆ ಈ ಸರಪಳಿಯೇ ಇರುವುದಿಲ್ಲ.

ಜಾಗದ ಮಟ್ಟಿಗೂ ಎರಡನ್ನೂ ದೂರ ಇಡಬೇಕು. ಟ್ರ್ಯಾಕ್‌ಗೂ ಪ್ರಾಣಿಗಳ ಆವರಣಕ್ಕೂ ನಡುವೆ ಕನಿಷ್ಠ 50 ಮೀಟರ್ ಬಿಡುತ್ತೇನೆ. ನಡುವೆ ಶೆಡ್ಡೋ ದಟ್ಟ ಬೇಲಿಯೋ ಇದ್ದರೆ ಇನ್ನೂ ಒಳ್ಳೆಯದು. ಮೇಕೆ, ಕುರಿಗಳು ಗಾಡಿಯ ಸದ್ದಿಗೆ ಬೇಗ ಒಗ್ಗುತ್ತವೆ. ಮೊಲ ಒಗ್ಗುವುದಿಲ್ಲ. ಹೆದರಿದ ಮೊಲ ಓಡುವ ಬದಲು ಅಲುಗಾಡದೆ ಕೂತುಬಿಡುತ್ತದೆ. ನೋಡಿದವರು ‘ಎಷ್ಟು ಸಾಧು’ ಅಂದುಕೊಳ್ಳುತ್ತಾರೆ. ಕಿವಿ ಬೆನ್ನಿಗೆ ಒತ್ತಿಕೊಂಡು, ಕಣ್ಣು ಅಗಲವಾಗಿ, ಉಸಿರು ಪಟಪಟ ಅನ್ನುತ್ತಿದ್ದರೆ ಅದು ಭಯ. ಹಾಗಾಗಿ ಮೊಲ, ಕೋಳಿಗಳ ಗೂಡು ಟ್ರ್ಯಾಕ್‌ನಿಂದ ಅತಿ ದೂರದ ತುದಿಯಲ್ಲಿರುತ್ತದೆ.

ಸದ್ದು, ಹೊಗೆ ಎರಡೂ ಬೇಡವೆಂದೇ ನಾನು 49 ಸಿಸಿ ಟೂ ಸ್ಟ್ರೋಕ್ ಪೆಟ್ರೋಲ್ ಗಾಡಿ ಬಿಟ್ಟು ಎಲೆಕ್ಟ್ರಿಕ್ ಗಾಡಿ ಬಳಸುತ್ತೇನೆ. 36 ವೋಲ್ಟ್, 500 ರಿಂದ 800 ವ್ಯಾಟ್ ಮೋಟರಿನವು ಸಣ್ಣ ಮಕ್ಕಳಿಗೆ ಧಾರಾಳ ಸಾಕು. ಪೆಟ್ರೋಲ್ ಗಾಡಿಯಲ್ಲಿ ಇನ್ನೊಂದು ತಾಪತ್ರಯವಿದೆ. ಐಡಲ್ (ನಿಂತಾಗಿನ ಎಂಜಿನ್ ವೇಗ) ಸ್ವಲ್ಪ ಹೆಚ್ಚಾದರೂ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನೇ ಹಿಡಿಯುವ ಕ್ಲಚ್) ಹಿಡಿದುಕೊಂಡು, ಥ್ರಾಟಲ್ (ವೇಗ ಕೊಡುವ ಲಿವರ್) ಒತ್ತದಿದ್ದರೂ ಗಾಡಿ ಮೆಲ್ಲಗೆ ತೆವಳುತ್ತದೆ. ನಿಂತಿದೆ ಎಂದು ಮಗು ಕಾಲಿಳಿಸುವ ಹೊತ್ತಿಗೆ ಗಾಡಿ ಮುಂದೆ ಸರಿದಿರುತ್ತದೆ. ಎಲೆಕ್ಟ್ರಿಕ್ಕಿಗೂ ಅದರದೇ ದೋಷವಿದೆ: ಹಿಂದಿನಿಂದ ಬಂದರೆ ಗೊತ್ತೇ ಆಗುವುದಿಲ್ಲ. ಟ್ರ್ಯಾಕ್ ದಾಟುವ ಮುನ್ನ ನಮ್ಮವರೇ ಆದರೂ ಸೀಟಿ ಊದಿ ಎಲ್ಲ ಗಾಡಿ ನಿಲ್ಲಿಸಬೇಕು ಎಂಬ ನಿಯಮ ಇದಕ್ಕೇ.

ವಯಸ್ಸಿನ ಮಾತು ಬಂದಾಗ ಪೋಷಕರಿಗೆ ನೇರವಾಗಿ ಹೇಳುತ್ತೇನೆ: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿ ಓಡಿಸುವುದೇ ಬೇಡ ಎನ್ನುತ್ತದೆ. ತಯಾರಕರ ವರ್ಗೀಕರಣ ಮಾತ್ರ 6 ವರ್ಷದಿಂದ ಶುರುವಾಗುತ್ತದೆ. ಆ ವರ್ಗದ ಗಾಡಿಗೆ ಲಿಮಿಟರ್ (ವೇಗ ತಡೆಯುವ ಸಾಧನ) ಹಾಕಿದಾಗಿನ ಮಿತಿ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿ.ಮೀ. ನಾನು ಆರರ ಕೆಳಗಿನವರನ್ನು ಹತ್ತಿಸುವುದಿಲ್ಲ, ವೇಗವನ್ನು 8 ಕಿ.ಮೀ.ಗೆ ಕಟ್ಟಿಹಾಕುತ್ತೇನೆ. ಅಷ್ಟರಲ್ಲಾದರೆ ದೊಡ್ಡವರೊಬ್ಬರು ಪಕ್ಕದಲ್ಲೇ ಓಡಬಹುದು. ಗಾಡಿಯ ವೇಗದ ಮೀಟರ್ ನಂಬಬೇಡಿ, ಅಳೆಯಿರಿ: 20 ಮೀಟರ್ ದಾಟಲು 9 ಸೆಕೆಂಡ್ ಹಿಡಿದರೆ 8 ಕಿ.ಮೀ. ಮಗುವಿನಷ್ಟೇ ಭಾರದ ಮರಳುಚೀಲ ಸೀಟಿಗೆ ಕಟ್ಟಿ, ಪಕ್ಕದಲ್ಲಿ ನಡೆಯುತ್ತ ಓಡಿಸಿ ನೋಡುವುದು ಬೇಡ. ಒಬ್ಬ ಹಗುರ ಸಹಾಯಕನೇ ಓಡಿಸಿದರೆ ಸಾಕು, ಮಗು ಕೂತಾಗ ವೇಗ ಕೊಂಚ ಹೆಚ್ಚಬಹುದು ಎಂಬ ಅಂದಾಜಿನಲ್ಲಿ ಇನ್ನಷ್ಟು ಇಳಿಸಿಡಿ. ಥ್ರಾಟಲ್ ಡಬ್ಬಿಯ ಮೇಲಿನ ಸ್ಕ್ರೂ ಒಳಕ್ಕೆ ತಿರುಗಿಸಿದಷ್ಟೂ ಲಿವರ್ ಕಡಿಮೆ ಚಲಿಸುತ್ತದೆ; ಹಾಗೇ ಬಿಟ್ಟರೆ ಕುಲುಕಾಟಕ್ಕೆ ಸ್ಕ್ರೂ ತಾನಾಗಿ ಹೊರಬರುತ್ತದೆ, ಆದ್ದರಿಂದ ಲಾಕ್ ನಟ್ ಬಿಗಿದು ಬಣ್ಣದ ಗುರುತು ಹಾಕಿಡಿ.

ಬೆಳಗಿನ ತಪಾಸಣೆಯಲ್ಲಿ ನನ್ನ ಹೆಚ್ಚಿನ ಸಮಯ ಹೋಗುವುದು ಟೈರಿಗೆ. ಈ ಟೈರುಗಳಿಗೆ ಬೇಕಾದ ಗಾಳಿ ತೀರಾ ಕಡಿಮೆ. ಟೈರಿನ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 3 ರಿಂದ 5 ಪಿಎಸ್‌ಐ. ಕಾರಿನ ಗೇಜ್ ಅಷ್ಟು ಕೆಳಗೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆಯೇ ಇರಬೇಕು. ಎಡಬಲದ ಟೈರುಗಳಲ್ಲಿ ಒಂದು ಪಿಎಸ್‌ಐ ವ್ಯತ್ಯಾಸವಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ದೊಡ್ಡವರ ಕೈಗೆ ಅದು ಗೊತ್ತಾಗದು, ಏಳು ವರ್ಷದ ಕೈಗೆ ಸಾಕಾಗಿಹೋಗುತ್ತದೆ. ಗಾಳಿ ಹೆಚ್ಚಾದರೆ ಪ್ರತಿ ಸಣ್ಣ ಕಲ್ಲಿಗೂ ಗಾಡಿ ಪುಟಿಯುತ್ತದೆ. ಚೈನಿನ ನಡುವೆ ಬೆರಳಿಂದ ಒತ್ತಿದರೆ 10 ರಿಂದ 15 ಮಿ.ಮೀ. ಸಡಿಲ ಇರಬೇಕು, ಚೈನ್ ಕವರ್ ಇಲ್ಲದ ಗಾಡಿ ಹೊರಬರುವಂತಿಲ್ಲ. ಥ್ರಾಟಲ್ ಲಿವರ್ ಪೂರ್ತಿ ಒತ್ತಿ ಬಿಟ್ಟಾಗ ‘ಟಕ್’ ಎಂದು ಹಿಂದಕ್ಕೆ ಬರಬೇಕು. ಹ್ಯಾಂಡಲ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಪೂರ್ತಿ ತಿರುಗಿಸಿಯೂ ಇದನ್ನು ನೋಡಬೇಕು, ಯಾಕೆಂದರೆ ವೈರ್ ಎಳೆತಕ್ಕೆ ಸಿಕ್ಕುವುದು ಆಗಲೇ. ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ಚಿನ (ಗಾಡಿ ಆಫ್ ಮಾಡುವ ಸ್ವಿಚ್ಚು) ದಾರ, ನಮ್ಮ ಕೈಯಲ್ಲಿನ ರಿಮೋಟ್ ಎರಡನ್ನೂ ಟ್ರ್ಯಾಕಿನ ಅತಿ ದೂರದ ಮೂಲೆಯಲ್ಲಿ ಪರೀಕ್ಷಿಸುತ್ತೇನೆ. ಪ್ಯಾಕೆಟ್ಟಿನ ಮೇಲೆ ಬರೆದ ದೂರ ಬಯಲಿನ ಲೆಕ್ಕ.

ರಿಮೋಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಕರೆಂಟ್ ಕತ್ತರಿಸುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ಇಳಿಜಾರಿದ್ದರೆ ಮೋಟರ್ ನಿಂತ ಮೇಲೂ ಗಾಡಿ ಉರುಳುತ್ತಲೇ ಇರುತ್ತದೆ. ಟ್ರ್ಯಾಕ್ ಸಮತಟ್ಟಾಗಿರಬೇಕು ಅನ್ನುವುದು ಅದಕ್ಕೆ.

ಕಾಂಕ್ರೀಟು, ಟಾರಿನ ಮೇಲೆ ಓಡಿಸಬಾರದು ಎನ್ನುವುದಕ್ಕೂ ಕಾರಣವಿದೆ. ಇವುಗಳ ಹಿಂದಿನ ಆ್ಯಕ್ಸಲ್ ಒಂದೇ ಕಂಬಿ, ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಹೋಗಬೇಕು, ಆದರೆ ಎರಡೂ ಒಂದೇ ಸಮ ತಿರುಗುತ್ತವೆ. ಮಣ್ಣಿನಲ್ಲಿ ಒಂದು ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಟಾರು ಜಾರಲು ಬಿಡದು. ಗಾಡಿ ನೇರಕ್ಕೇ ತಳ್ಳಿಕೊಂಡು ಹೋಗಿ, ಹಠಾತ್ತನೆ ಹಿಡಿತ ಸಿಕ್ಕು ವಾಲುತ್ತದೆ. ಗಟ್ಟಿ ಮಾಡಿದ ಮಣ್ಣಿನ ನೆಲವೇ ಸರಿ, ಧೂಳೇಳದಷ್ಟು ನೀರು ಚಿಮುಕಿಸಿದರಾಯಿತು. ಒದ್ದೆ ಹುಲ್ಲು ಬೇಡವೇ ಬೇಡ.

ಟ್ರ್ಯಾಕ್ ಮೊಟ್ಟೆಯಾಕಾರ, ಅಗಲ 4 ಮೀಟರ್, ತಿರುವಿನ ಹೊರಗೆ ಇನ್ನೂ 3 ಮೀಟರ್ ಖಾಲಿ ಜಾಗ, ಅದರಾಚೆ ಹುಲ್ಲಿನ ಪೆಂಡಿಗಳು. ಎಂಟರ ಆಕಾರ ಚೆಂದ ಕಾಣುತ್ತದೆ, ಆದರೆ ನಡುವೆ ಗಾಡಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅಂಚಿಗೆ ಹಗ್ಗ, ತಂತಿ ಕಟ್ಟುವುದು ನಾನು ಕಂಡ ಅತ್ಯಂತ ಕೆಟ್ಟ ಅಭ್ಯಾಸ. ದೊಡ್ಡವರ ಸೊಂಟದೆತ್ತರದ ಹಗ್ಗ ಗಾಡಿಯಲ್ಲಿ ಕೂತ ಮಗುವಿನ ಕುತ್ತಿಗೆಗೆ ಸರಿಯಾಗಿ ಬರುತ್ತದೆ. ಸುತ್ತುವ ದಿಕ್ಕು ಅಪ್ರದಕ್ಷಿಣೆ, ಎಲ್ಲ ತಿರುವೂ ಎಡಕ್ಕೆ. ಥ್ರಾಟಲ್ ಇರುವುದು ಬಲ ಹೆಬ್ಬೆರಳಿಗೆ. ಎಡಕ್ಕೆ ತಿರುಗಿಸಿದಾಗ ಬಲಗೈ ಮುಂದಕ್ಕೆ ಚಾಚಿ ಹೆಬ್ಬೆರಳು ಲಿವರಿನಿಂದ ಸಡಿಲವಾಗುತ್ತದೆ, ಗಾಡಿ ತಾನೇ ನಿಧಾನವಾಗುತ್ತದೆ. ಬಲಕ್ಕಾದರೆ ಕೈ ಮೈಕಡೆ ಬಂದು ಮಣಿಕಟ್ಟು ಮಡಚಿ, ಹೆಬ್ಬೆರಳು ಇನ್ನಷ್ಟು ಒತ್ತುತ್ತದೆ.

ಗಾಡಿ ಮಗುವಿಗೆ ಹೊಂದುತ್ತದೋ ಇಲ್ಲವೋ ನೋಡುವುದು ಹೀಗೆ. ಫುಟ್‌ರೆಸ್ಟ್ ಮೇಲೆ ನಿಲ್ಲಿಸಿ: ಸೀಟಿಗೂ ಕುಂಡೆಗೂ ನಡುವೆ 3 ರಿಂದ 6 ಇಂಚು ಅಂತರ ಇರಬೇಕು. ಕೂರಿಸಿ ಹ್ಯಾಂಡಲ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಲು ಹೇಳಿ: ಎರಡು ಕಡೆಯೂ ಕುಂಡೆ ಸೀಟಿನಿಂದ ಕದಲದೆ ಕೈ ಎಟುಕಬೇಕು. ಬ್ರೇಕ್ ಲಿವರಿಗೆ ಬೆರಳಿನ ಮೊದಲ ಗೆಣ್ಣು ಸುತ್ತಿಕೊಳ್ಳಬೇಕು. ಇದರಲ್ಲಿ ಒಂದು ಆಗದಿದ್ದರೂ ವಯಸ್ಸು ಎಷ್ಟೇ ಇರಲಿ, ಆ ಗಾಡಿ ಆ ಮಗುವಿಗಲ್ಲ. ಮುಚ್ಚಿದ ಶೂ, ತೋಳು ಮುಚ್ಚುವ ಅಂಗಿ, ಉದ್ದ ಪ್ಯಾಂಟು ಕಡ್ಡಾಯ. ಶಾಲು, ದುಪಟ್ಟಾ ತೆಗೆಸಿ, ಜಡೆ ಅಂಗಿಯೊಳಗೆ, ಶೂ ಲೇಸಿನ ತುದಿ ಸಿಕ್ಕಿಸಿ. ಹೆಲ್ಮೆಟ್ ಅಲುಗಿಸಿದಾಗ ಹಣೆಯ ಚರ್ಮವೂ ಜೊತೆಗೆ ಅಲುಗಿದರೆ ಅಳತೆ ಸರಿ.

ಮಕ್ಕಳಿಗೆ ನಾನು ಮೊದಲು ಕಲಿಸುವುದು ‘ಬೆರಳು ಎತ್ತು’ ಎಂಬ ಒಂದೇ ಮಾತು. ಬ್ರೇಕ್ ಆಮೇಲೆ. ಗಾಬರಿಯಾದ ಮಗು ಹಿಂದಕ್ಕೆ ವಾಲಿ, ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತದೆ. ಬಿಗಿ ಹಿಡಿತದಲ್ಲಿ ಹೆಬ್ಬೆರಳು ಥ್ರಾಟಲನ್ನು ಪೂರ್ತಿ ಒತ್ತಿರುತ್ತದೆ. ‘ನಿಲ್ಲಿಸು, ನಿಲ್ಲಿಸು’ ಎಂದು ಬದಿಯಿಂದ ಅಪ್ಪ ಅಮ್ಮ ಕಿರುಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದಕ್ಕೆ ಗಾಡಿ ಆಫ್ ಇರುವಾಗಲೇ ಕೂರಿಸಿ, ‘ಒತ್ತು’, ‘ಬೆರಳು ಎತ್ತು’ ಎಂದು ಹತ್ತು ಸಲ ಮಾಡಿಸುತ್ತೇನೆ. ಎರಡನೆಯ ಪಾಠ, ಕಾಲು ಫುಟ್‌ರೆಸ್ಟಿನಿಂದ ಇಳಿಸಬಾರದು. ಸೈಕಲ್ ಅಭ್ಯಾಸವಿರುವ ಮಗು ವಾಲಿದಂತಾದ ಕೂಡಲೇ ಕಾಲು ಊರುತ್ತದೆ, ಹಿಂದಿನ ಟೈರು ಹಿಮ್ಮಡಿ ಹತ್ತುತ್ತದೆ. ಮೊದಲ ಸುತ್ತು ಒಬ್ಬರು ಪಕ್ಕದಲ್ಲೇ ನಡೆಯುತ್ತಾರೆ, ಗಾಡಿಯ ಮುಂದೆ ಯಾರೂ ಇರುವುದಿಲ್ಲ. ಫೋಟೋ ತೆಗೆಯುವ ಅಪ್ಪಂದಿರು ನಿಲ್ಲಲು ಬಯಸುವುದು ಸರಿಯಾಗಿ ಅಲ್ಲೇ.

ಒಮ್ಮೆಗೆ ಮೂರು ಗಾಡಿಗಿಂತ ಹೆಚ್ಚು ಬಿಡುವುದಿಲ್ಲ, ಒಬ್ಬರಿಗೆ ಆರು ನಿಮಿಷ. ಅದಕ್ಕಿಂತ ಹೆಚ್ಚಾದರೆ ಗಮನ ಚದುರುತ್ತದೆ. ಇಳಿದ ಮೇಲೆ ಹತ್ತು ನಿಮಿಷ ನೆರಳಲ್ಲಿ ಕೂರಿಸಿ ನೀರು ಕೊಡಬೇಕು. ಗಾಡಿಯಿಂದಿಳಿದ ಮಗುವಿನ ದನಿಯೂ ಓಟವೂ ಏರಿರುತ್ತವೆ. ಅದೇ ಹುಮ್ಮಸ್ಸಿನಲ್ಲಿ ಆವರಣಕ್ಕೆ ನುಗ್ಗಿದರೆ ಕೋಳಿಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಆವರಣದಲ್ಲಿ ಹೊಸ ಮರಿಯ ತಾಯಿ, ಹೋತ, ಟಗರು, ಹುಂಜ ಇರುವುದಿಲ್ಲ. ಉಳಿದವುಗಳಿಗೂ ಮಕ್ಕಳು ಹೋಗಲಾಗದ ಒಂದು ಮೂಲೆ ಇರಬೇಕು. ಮೇಕೆ ನುಸುಳುವಷ್ಟು ಸಂದಿ ಬಿಟ್ಟು ಅಡ್ಡಹಲಗೆ ಹೊಡೆದು, ಒಬ್ಬರನ್ನು ಅಲ್ಲೇ ನಿಲ್ಲಿಸಿದರೆ ಸಾಕು. ಸಾಕೆನಿಸಿದ ಪ್ರಾಣಿ ತಾನೇ ಎದ್ದುಹೋಗುತ್ತದೆ. ಹಾಗೆ ಹೋಗಲು ದಾರಿಯಿಲ್ಲದ ಮೇಕೆಯೇ ಗುದ್ದುವುದು.

ಮಕ್ಕಳ ಕೈಯಿಂದ ಚೆನ್ನಾಗಿ ತಿನ್ನಲಿ ಎಂದು ಮೇಕೆಗಳನ್ನು ಹಸಿವಿನಲ್ಲಿಡುವವರಿದ್ದಾರೆ. ಹಸಿದ ಮೇಕೆಗಳು ಒಟ್ಟಿಗೆ ಮೇಲೆರಗಿ ಚಿಕ್ಕವರನ್ನು ಕೆಡವುತ್ತವೆ. ಬೆಳಿಗ್ಗೆ ಒಣಹುಲ್ಲು ಹೊಟ್ಟೆತುಂಬ ಹಾಕಿ, ಆ ದಿನದ ಕಾಳು, ಹಿಂಡಿಯ ಪಾಲನ್ನಷ್ಟೇ ತೂಗಿ ಬಕೆಟ್ಟಿನಲ್ಲಿ ತೆಗೆದಿಡುತ್ತೇನೆ: 25 ಕಿಲೋ ತೂಗುವ ಮೇಕೆಗೆ 200 ಗ್ರಾಂ. ಬಕೆಟ್ ಖಾಲಿಯಾದರೆ ಮುಗಿಯಿತು. ಉಳಿದ ಮಕ್ಕಳಿಗೆ ಮೇಕೆಗೆ ತಿನ್ನಿಸಲು ಹಸಿರು ಸೊಪ್ಪು. ಒಮ್ಮೆಲೇ ಕಾಳು ಹೆಚ್ಚಾದರೆ ಮೊದಲ ಹೊಟ್ಟೆಯಲ್ಲಿ ಹುಳಿ ಏರಿ ಮೇಕೆ ಮೆಲುಕು ನಿಲ್ಲಿಸುತ್ತದೆ, ಸಾಯಲೂಬಹುದು. ಬ್ರೆಡ್ಡು, ಬಿಸ್ಕತ್ತಿಗೂ ಇದೇ ಮಾತು. ಕತ್ತೆಗೆ ತಿನ್ನಿಸುವಾಗ ಅಂಗೈ ಚಪ್ಪಟೆ, ಹೆಬ್ಬೆರಳು ಬದಿಗೆ ಅಂಟಿರಲಿ.

ಮೊಲವನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಹಿಂಗಾಲಿಗೆ ಆಧಾರವಿಲ್ಲದೆ ಎತ್ತಿದಾಗ ಜೋರಾಗಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಮಗು ನೆಲದ ಮೇಲೆ ಕಾಲು ಚಾಚಿ ಕೂರಲಿ, ಮೊಲವನ್ನು ನಾವು ತೊಡೆಯ ಮೇಲಿನ ಟವೆಲಿನಲ್ಲಿಡುತ್ತೇವೆ. ಕಾಲು ಗಂಟೆಗೆ ಮೊಲ ಬದಲು. ಎಳೆಗರುಗಳಿಗೆ ಬೆರಳು ಚೀಪಲು ಕೊಡುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗೆ ಎಳೆಗರುಗಳೇ ಇಷ್ಟದ ಮನೆ. ಗರ್ಭಿಣಿಯರು ಮರಿ ಹಾಕುವ ಕುರಿಗಳ ಹತ್ತಿರ ಸುಳಿಯಬಾರದು.

ಇನ್ನು ಕೈ ತೊಳೆಯುವುದು. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಮಕ್ಕಳು ಭೇಟಿ ಕೊಡುವ ಒಂದು ಫಾರ್ಮ್‌ನಿಂದ ಇ. ಕೋಲೈ ಓ157 ಹರಡಿ 93 ಜನ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು. ಈ ಬ್ಯಾಕ್ಟೀರಿಯಾ ಇರುವ ಪ್ರಾಣಿ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಐದರ ಕೆಳಗಿನ ಮಕ್ಕಳಲ್ಲಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಸ್ಯಾನಿಟೈಸರ್ ಇಲ್ಲಿ ಬದಲಿಯಲ್ಲ: ಕೊಳಕು ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡದು, ಕ್ರಿಪ್ಟೋಸ್ಪೊರಿಡಿಯಂ ಅದಕ್ಕೆ ಜಗ್ಗುವುದೇ ಇಲ್ಲ. ಹರಿಯುವ ನೀರು, ದ್ರವ ಸೋಪು, 20 ಸೆಕೆಂಡ್, ಬೆರಳ ಸಂದಿ, ಉಗುರು, ಮಣಿಕಟ್ಟು, ಕಾಗದದ ಟವೆಲ್. ಒಂದೇ ಬಕೆಟ್ಟಿನಲ್ಲಿ ಎಲ್ಲರೂ ಅದ್ದಿದರೆ ತೊಳೆದಂತಲ್ಲ, ಹಂಚಿಕೊಂಡಂತೆ. ನಲ್ಲಿಗಳು 60 ಸೆಂ.ಮೀ. ಎತ್ತರದಲ್ಲಿವೆ, ಆವರಣದಿಂದ ಹೊರಬರುವ ಏಕೈಕ ದಾರಿ ಅವುಗಳ ಮುಂದೆಯೇ ಹಾಯುತ್ತದೆ. ಫಲಕ ಹಾಕುವುದಕ್ಕಿಂತ ದಾರಿ ಹಾಗೆ ಕಟ್ಟುವುದೇ ಫಲಕಾರಿ. ಶೂ ಮುಟ್ಟಿದರೆ ಮತ್ತೆ ಕೈ ತೊಳೆಯಬೇಕಾಗುತ್ತದೆ, ಆದ್ದರಿಂದ ಮೊದಲು ಅಟ್ಟೆ ಉಜ್ಜಿ, ಆಮೇಲೆ ಕೈ. ತಿಂಡಿ, ಹಾಲಿನ ಬಾಟಲಿ, ನಿಪ್ಪಲ್ ಯಾವುದೂ ಆವರಣದ ಒಳಗೆ ಬರುವುದಿಲ್ಲ. ಬಿದ್ದ ನಿಪ್ಪಲನ್ನು ಒರೆಸಿ ಬಾಯಿಗಿಡುವ ಅಮ್ಮ, ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ಹೊರಡುವಾಗ ಪೋಷಕರಿಗೆ ಒಂದು ಚೀಟಿ ಕೊಡುತ್ತೇನೆ. ಎರಡು ವಾರದೊಳಗೆ ಮಗುವಿಗೆ ಭೇದಿ ಶುರುವಾದರೆ, ಅದರಲ್ಲೂ ರಕ್ತ ಕಂಡರೆ, ತಡಮಾಡದೆ ವೈದ್ಯರ ಹತ್ತಿರ ಹೋಗಿ, ಪ್ರಾಣಿಗಳನ್ನು ಮುಟ್ಟಿದ್ದನ್ನು ಹೇಳಿ, ಭೇದಿ ನಿಲ್ಲಿಸುವ ಗುಳಿಗೆ ತಾವಾಗಿ ಕೊಡಬೇಡಿ ಎಂದು ಅದರಲ್ಲಿರುತ್ತದೆ.

ಸಂಜೆಯ ಕೆಲಸ ಬ್ಯಾಟರಿಯದು. 12 ವೋಲ್ಟ್, 12 ಆಂಪಿಯರ್-ಅವರ್‌ನ ಮೂರು ಸೀಸದ ಬ್ಯಾಟರಿ ಸೇರಿದರೆ ಕಾಗದದ ಮೇಲೆ 432 ವ್ಯಾಟ್-ಅವರ್. ಪದೇಪದೇ ನಿಲ್ಲಿಸಿ ಹೊರಡುವ ಸವಾರಿಯಲ್ಲಿ ಅಷ್ಟೂ ಸಿಗುವುದಿಲ್ಲ, ಹಾಗಾಗಿ ದಿನವಿಡೀ ನಡೆಸಲು ಒಂದು ಸೆಟ್ ಹೆಚ್ಚಿಗೆ ಬೇಕು. ಬಿಸಿಯಿರುವಾಗಲೇ ಚಾರ್ಜಿಗೆ ಹಾಕಬೇಡಿ, ತಣಿಯಲಿ. ಆದರೆ ಖಾಲಿಯಾದದ್ದನ್ನು ಮುಂದಿನ ವಾರದವರೆಗೆ ಹಾಗೇ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ, ಪೂರ್ತಿ ಚಾರ್ಜ್ ತೋರಿಸಿಯೂ ಹತ್ತೇ ನಿಮಿಷದಲ್ಲಿ ಗಾಡಿ ಸೋಲುತ್ತದೆ. ಹೆಲ್ಮೆಟ್ಟಿನ ಒಳಮೆತ್ತೆ ಬಿಚ್ಚಿ ತೊಳೆದು ಒಣಗಲು ಹಾಕಿ. ಮೇವಿನ ಬಕೆಟ್ ತೊಳೆಯುವ ಕಲ್ಲು ಮಾತ್ರ ಬೇರೆ ಇರಲಿ.