ಆಷಾಢದಲ್ಲಿ ಇಟಲಿ: ಕಲಬುರಗಿಯಿಂದ ಹೋಗಿ ಬೊಚೆಲ್ಲಿ ಲೈವ್ ಕೇಳಿ ಬಂದ ನನ್ನ ಅನುಭವ

ಕಳೆದ ಜುಲೈನಲ್ಲಿ ನಾವು ನಾಲ್ಕು ಜನ ಇಟಲಿಯ ಲಯಾತಿಕೊಗೆ ಹೋಗಿ ಆಂದ್ರೆಯಾ ಬೊಚೆಲ್ಲಿ ಅವರ ಹಾಡು ಎದುರಿಗೆ ಕೂತು ಕೇಳಿ ಬಂದೆವು. ತಲೆಗೆ ಬಿದ್ದ ಖರ್ಚು ಒಂದೂಕಾಲು ಲಕ್ಷದ ಆಸುಪಾಸು. ಇದೇ ಶೋಗೆ ಒಂದು ಟೂರ್ ಕಂಪನಿ ಕೇಳಿದ್ದು ಮೂರೂವರೆ ಲಕ್ಷ. "ಅಷ್ಟು ಕಡಿಮೆಗೆ ಆಗೋದೇ ಇಲ್ಲ" ಎಂದವರು ಊರಲ್ಲಿ ಬಹಳ ಜನ. "ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತಲ್ಲ, ಸುಮ್ನೆ ಯಾಕೆ ಹೋಗ್ತೀರಿ" ಎಂದವರು ಇನ್ನೂ ಜಾಸ್ತಿ. ಈಗ ಅವರಲ್ಲೇ ಕೆಲವರು ಲೆಕ್ಕ ಕೇಳಲು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೊಚೆಲ್ಲಿ ಇಟಲಿಯ ಹೆಸರಾಂತ ಗಾಯಕರು. ಒಪೆರಾ, ಅಂದರೆ ಅಲ್ಲಿನ ಶಾಸ್ತ್ರೀಯ ಸಂಗೀತ ನಾಟಕದ ಗಾಯನವನ್ನು ಪಾಪ್ ಹಾಡಿನ ಜೊತೆ ಬೆರೆಸುವ 'ಕ್ರಾಸ್‌ಓವರ್' ಅವರ ದಾರಿ. ನನ್ನ ಬಗ್ಗೆ ಒಂದು ಮಾತು ಸಾಕು. ನನ್ನದು ಮೈಕ್‌ಸೆಟ್ ಬಾಡಿಗೆಯ ಕೆಲಸ. ಮದುವೆ, ಜಾತ್ರೆ, ಉರುಸು, ಗಣಪತಿ, ಎಲ್ಲಕ್ಕೂ ಸೌಂಡ್ ಹಾಕುತ್ತೇನೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ. ಹಾಗಾಗಿ ನಮ್ಮ ಧಂದೆ ಬೇರೆ ಊರುಗಳಿಗಿಂತ ಮೊದಲೇ ನಿಂತುಹೋಯಿತು. ಆ ವರ್ಷ ಏಪ್ರಿಲ್ 12ರ ಈಸ್ಟರ್ ದಿನ ಬೊಚೆಲ್ಲಿ ಮಿಲಾನಿನ ಖಾಲಿ ಕೆಥೆಡ್ರಲ್‌ನಲ್ಲಿ ಬರೀ ಆರ್ಗನ್ ಜೊತೆ ಹಾಡಿದರು. ಅದನ್ನು ಗೋದಾಮಿನಲ್ಲಿ ನನ್ನ ದೊಡ್ಡ ಬಾಕ್ಸ್‌ಗಳಲ್ಲಿ ಹಾಕಿ ಕೇಳಿದೆ. ಈ ಗಂಟಲನ್ನು ಒಮ್ಮೆ ಎದುರಿಗೆ ಕೇಳಲೇಬೇಕು ಎಂದು ಅಂದೇ ತೀರ್ಮಾನವಾಯಿತು.

ಮೊದಲ ಪ್ರಯತ್ನ ಗಲ್ಫ್‌ನ ಒಂದು ಶೋಗೆ. ಹೈದರಾಬಾದಿನಿಂದ ವಿಮಾನ ಹತ್ತಿರ, ವೀಸಾ ಸುಲಭ ಎಂಬ ಲೆಕ್ಕ. ಟಿಕೆಟ್ ಮುಗಿದಿದ್ದವು, ಒಬ್ಬ ಮರುಮಾರಾಟಗಾರ ಕೊಡುತ್ತೇನೆಂದ. ಹಣ ಕಳಿಸಿದ ಮೇಲೆ ಬಂದಿದ್ದು ಬೇರೆ ಯಾರದ್ದೋ ಟಿಕೆಟ್ಟಿನ ಸ್ಕ್ರೀನ್‌ಶಾಟ್. ಇಬ್ಬರ ಟಿಕೆಟ್ಟಿನದ್ದೂ ಸೇರಿ ನಲವತ್ತು ಸಾವಿರ ಹೋಯಿತು. ಆಮೇಲೆ ಯುರೋಪಿನ ಬೇರೊಂದು ದೇಶದ ಶೋಗೆ ಅರ್ಜಿ ಹಾಕಿದೆವು. ವೀಸಾ ತಿರಸ್ಕಾರ. ಅಚ್ಚಾದ ಫಾರ್ಮಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದ್ದರು: ವಾಪಸ್ ಹೋಗುತ್ತಾರೆಂಬ ಬಗ್ಗೆ ಅನುಮಾನವಿದೆ ಎಂದು. ಫೀಸು ವಾಪಸ್ ಬರುವುದಿಲ್ಲ.

ಈ ತಿರಸ್ಕಾರದ ಮೇಲೆ ನಾನು ಬಹಳ ಯೋಚನೆ ಮಾಡಿದೆ. ನಮ್ಮ ತರಹದವರ ದುಡಿಮೆ ಕೈಯಲ್ಲಿ ಬರುತ್ತದೆ, ಕೈಯಲ್ಲಿ ಹೋಗುತ್ತದೆ. ಮದುವೆ ಸೀಸನ್‌ನಲ್ಲಿ ಬ್ಯಾಂಕಿಗೆ ಒಂದೇ ಸಲ ದೊಡ್ಡ ಮೊತ್ತ ಕಟ್ಟುತ್ತೇವೆ. ಅರ್ಜಿ ನೋಡುವವರಿಗೆ ಅದು ಯಾರಿಂದಲೋ ತಂದು ತೋರಿಸಿದ ಹಣದ ಹಾಗೆ ಕಾಣುತ್ತದೆ. ಗೆಳೆಯರು "ಚೀಟಿ ಹಾಕೋಣ, ಎತ್ತಿದವರು ಹೋಗಲಿ" ಎಂದರು. ನಾನು ಬೇಡ ಎಂದೆ. ಚೀಟಿ ಹಣವೂ ಹಾಗೇ, ಒಂದೇ ಗಂಟು ಬಂದು ಬೀಳುತ್ತದೆ. ಅದರ ಬದಲು ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬ್ಯಾಂಕ್ ಆರ್‌ಡಿ (ತಿಂಗಳ ಕಂತಿನ ಠೇವಣಿ) ತೆರೆಯಲಿ ಎಂದು ಹಟ ಹಿಡಿದೆ. ತಿಂಗಳಿಗೆ ಮೂರು ಸಾವಿರ, ಮೂರು ವರ್ಷ. ಕಟ್ಟಿದ್ದು 1.08 ಲಕ್ಷ, ಬಡ್ಡಿ ಸೇರಿ 1.2 ಲಕ್ಷದ ಹತ್ತಿರ. ಪ್ರವಾಸದ ಹಣವೂ ಆಯಿತು, ಮೂರು ವರ್ಷದ ದಾಖಲೆಯೂ ಆಯಿತು. ಬಾಡಿಗೆಯನ್ನೂ ಬಿಲ್ ಮಾಡಿ ಖಾತೆಗೇ ಹಾಕಿಸಿಕೊಳ್ಳಲು ಶುರು ಮಾಡಿದೆ. ಗಿರಾಕಿಗಳು ಗೊಣಗಿದರು, ಆಮೇಲೆ ರೂಢಿಯಾಯಿತು.

ನಾನು ಮಾಡಿದ ಎರಡನೇ ಬದಲಾವಣೆ, ಯಾವ ತಿಂಗಳು ಹೋಗಬೇಕು ಎಂಬ ಆಯ್ಕೆ. ಲಯಾತಿಕೊ ಬೊಚೆಲ್ಲಿ ಅವರ ಸ್ವಂತ ಊರು. ಟಸ್ಕನಿ ಸೀಮೆಯ ಪೀಸಾ ಜಿಲ್ಲೆಯ ಚಿಕ್ಕ ಊರು, 1958ರಲ್ಲಿ ಅವರು ಹುಟ್ಟಿದ್ದು ಅಲ್ಲೇ. ಊರ ಹೊರಗೆ ಗುಡ್ಡದ ಇಳಿಜಾರಿನಲ್ಲಿ 'ತೆಯಾತ್ರೊ ದೆಲ್ ಸಿಲೆಂತ್ಸಿಯೊ', ಅಂದರೆ ಮೌನದ ರಂಗಮಂದಿರ, ಎಂಬ ಬಯಲು ರಂಗಮಂದಿರ ಇದೆ. 2006ರಿಂದ ಅಲ್ಲಿ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈನಲ್ಲಿ, ಕಾರ್ಯಕ್ರಮ. ವರ್ಷದ ಉಳಿದ ದಿನ ಆ ಜಾಗ ಮೌನವಾಗಿರುತ್ತದೆ. ಜುಲೈ ಅಂದರೆ ನಮಗೆ ಹೆಚ್ಚುಕಮ್ಮಿ ಆಷಾಢ. ಮದುವೆ ಇಲ್ಲ, ಮುಂಜಿ ಇಲ್ಲ, ಬಾಕ್ಸ್‌ಗಳು ಗೋದಾಮಿನಲ್ಲಿ. ಒಂದು ಆರ್ಡರ್ ಕೂಡ ಬಿಡದೆ ಹತ್ತು ದಿನ ಹೋಗಿ ಬರಬಹುದು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆಷಾಢ ಮುಗಿದರೆ ಶ್ರಾವಣ, ಅದರ ಹಿಂದೆಯೇ ಗಣಪತಿ. ಗಣೇಶ ಮಂಡಳಿಗಳಿಂದ ಮುಂಗಡ ತೆಗೆದುಕೊಂಡು, ಅವರ ಕರಾರು ಪತ್ರಗಳನ್ನೇ ಇಂಗ್ಲಿಷ್ ಮಾಡಿಸಿ ವೀಸಾ ಅರ್ಜಿಗೆ ಹಚ್ಚಿದೆ. ವಾಪಸ್ ಬರಲೇಬೇಕಾದ ಮನುಷ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಏನು ಬೇಕು? "ಗಣಪತಿ ಕಾಗದ ನೋಡಿ ವೀಸಾ ಕೊಡ್ತಾರಾ" ಎಂದು ಒಬ್ಬ ಏಜೆಂಟ್ ನಕ್ಕಿದ್ದರು. ನಾಲ್ವರಿಗೂ ವೀಸಾ ಬಂತು.

ವೀಸಾ ಫೀಸು 2024ರ ಜೂನ್‌ನಿಂದ 90 ಯೂರೋ. ಸರ್ವಿಸ್ ಚಾರ್ಜು, 30,000 ಯೂರೋ ಕವರ್ ಇರುವ ವಿಮೆ ಎಲ್ಲ ಸೇರಿ ತಲೆಗೆ ಹದಿಮೂರು ಸಾವಿರ ಹೋಯಿತು. ಆಗ ಯೂರೋ ನೂರು ರೂಪಾಯಿ ಹತ್ತಿರ ಇತ್ತು. ವಿಮಾನ ಹೈದರಾಬಾದಿನಿಂದ ಗಲ್ಫ್ ದಾರಿಯಾಗಿ ರೋಮ್‌ಗೆ, ಹೋಗಿ ಬರಲು ಅರವತ್ತೆರಡು ಸಾವಿರದಷ್ಟು. ಅರ್ಧ ಖರ್ಚು ಅಲ್ಲೇ ಹೋಯಿತು, ಉಳಿದದ್ದರಲ್ಲಿ ಹಿಡಿತ ಮಾಡಬೇಕು.

ಟಿಕೆಟ್ ಖರೀದಿಯೇ ಒಂದು ಯುದ್ಧ. ಒಬ್ಬರ ಕಾರ್ಡ್ ಹಣ ಕಟ್ಟುವ ಹೊತ್ತಿಗೆ ತಿರಸ್ಕಾರ, ಇನ್ನೊಬ್ಬರಿಗೆ ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿಯಿತು. ಅಷ್ಟರಲ್ಲಿ ಸೀಟು ಕೈಬಿಟ್ಟವು. ಎರಡು ಬೇರೆ ಬ್ಯಾಂಕಿನ ಕ್ರೆಡಿಟ್ ಕಾರ್ಡ್‌ಗಳಿಗೆ ಮೊದಲೇ ಅಂತಾರಾಷ್ಟ್ರೀಯ ವ್ಯವಹಾರ ತೆರೆದಿಟ್ಟು, ಒಂದು ಚಿಕ್ಕ ಖರೀದಿ ಮಾಡಿ ಪರೀಕ್ಷೆ ಮಾಡಿಕೊಳ್ಳಿ. ನಾವು ಕೊನೆಗೆ ಯಾವ ಹೊತ್ತಿನಲ್ಲಿ, ಹೇಗೆ ಒಳ್ಳೆ ಸೀಟು ಹಿಡಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲ ಅದು ನನಗೇ ಬೇಕು. ಆದರೆ ಯಾವ ಸೀಟು ಎಂದು ಹೇಳುತ್ತೇನೆ: ಸೌಂಡ್ ಮಿಕ್ಸರ್ (ಎಲ್ಲ ಮೈಕ್‌ಗಳ ದನಿ ಹದಮಾಡುವ ಯಂತ್ರ) ಇಡುವ ಜಾಗದ ಸಾಲು, ಮಧ್ಯದಲ್ಲಿ. ಮುಂದಿನ ದುಬಾರಿ ಸೀಟಿನಲ್ಲಿ ಮುಖ ಕಾಣುತ್ತದೆ, ಆದರೆ ಬಯಲಿನಲ್ಲಿ ಸೌಂಡ್ ಇಂಜಿನಿಯರ್ ಕಿವಿ ಎಲ್ಲಿರುತ್ತದೋ ಅಲ್ಲೇ ಸಮತೋಲ ಸರಿ ಇರುತ್ತದೆ. ನಮಗೆ 130 ಯೂರೋ ಹತ್ತಿರ ಬಿತ್ತು. ಅದರ ಎರಡು ಮೂರು ಪಟ್ಟು ಕೊಟ್ಟವರಿಗಿಂತ ನಾವು ಚೆನ್ನಾಗಿ ಕೇಳಿದೆವು. ಇದನ್ನು ಮೈಕ್‌ಸೆಟ್ ಧಂದೆಯ ಹೆಮ್ಮೆಯಿಂದಲೇ ಹೇಳುತ್ತೇನೆ.

ಸೀಟು ಎಲ್ಲಿ ಬೇಕು ಎಂದು ಖಾತ್ರಿ ಮಾಡಿಕೊಳ್ಳಲು ಊರ ಹೊರಗಿನ ಒಂದು ಹೊಲದಲ್ಲಿ ಪ್ರಯೋಗ ಮಾಡಿದ್ದೆ. ತೊಗರಿ ಕಿತ್ತ ಮೇಲೆ ಬಯಲು ಖಾಲಿ ಇರುತ್ತದಲ್ಲ, ಆಗ. ಮುಂದೆ ಮುಖ್ಯ ಸ್ಪೀಕರ್, ನೂರು ಮೀಟರ್ ಹಿಂದೆ ಇನ್ನೊಂದು ಜೋಡಿ. ಶಬ್ದಕ್ಕೆ ನೂರು ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ ಹೊತ್ತು ಬೇಕು. ಹಿಂದಿನ ಜೋಡಿಗೆ ಅಷ್ಟು ಡಿಲೇ, ಅಂದರೆ ತಡ, ಕೊಡದಿದ್ದರೆ ಪ್ರತಿ ಪದ ಎರಡು ಸಲ ಕೇಳುತ್ತದೆ. ಕೊಟ್ಟರೂ ಅದರ ಹತ್ತಿರ ಕೂತವರಿಗೆ ದನಿ ವೇದಿಕೆಯಿಂದ ಬಂದ ಹಾಗೆ ಅನಿಸುವುದು ಕಷ್ಟ. ಬೊಚೆಲ್ಲಿ ಅವರ ಎಳೆದ ಸ್ವರಗಳನ್ನೇ ಹಾಕಿ, ಕುರ್ಚಿ ಹೊತ್ತುಕೊಂಡು ಹೊಲವೆಲ್ಲ ತಿರುಗಿ ಕೇಳಿದೆವು. ಸಂಜೆ ಅಡ್ಡಗಾಳಿ ಎದ್ದಾಗ ಮೇಲಿನ ಸ್ವರಗಳು ಅಲುಗಾಡುತ್ತವೆ, ದೂರ ಹೋದಷ್ಟೂ ಜಾಸ್ತಿ. ಆಗಲೇ ಹಿಂದಿನ ಅಗ್ಗದ ಸೀಟು ಬೇಡ ಎಂದು ನಿರ್ಧಾರವಾಯಿತು.

ಇನ್ನೊಂದು ಪ್ರಯೋಗ ಹಾಡಿನದ್ದು. ನಮ್ಮ ಪೈಕಿ ಬೀದರಿನ ಗೆಳೆಯ ಚರ್ಚ್‌ನ ಗಾಯನ ತಂಡದಲ್ಲಿ ಹಾಡುತ್ತಾರೆ. ಅವರು ಇಟಾಲಿಯನ್ ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಹಂಚಿದರು. ಪದಗಳೆಲ್ಲ ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ನಮ್ಮ ಬಾಯಿಗೆ ಬೇಗ ಬಂತು. ಅರ್ಥವನ್ನೂ ಓದಿಕೊಂಡೆವು. ಅಲ್ಲಿ ಸಾವಿರಾರು ಜನ ಜೊತೆಗೂಡಿ ಹಾಡಿದಾಗ ನಾವು ನಾಲ್ವರೂ ಒಂದು ಪದ ತಪ್ಪದೆ ಹಾಡಿದೆವು. ಪಕ್ಕದ ಇಟಾಲಿಯನ್ ಅಜ್ಜಿ ತಿರುಗಿ ನೋಡಿ ನನ್ನ ಕೈ ಹಿಡಿದುಕೊಂಡರು.

ಉಳಿದುಕೊಂಡಿದ್ದು ಪೊಂತೆದೆರಾದಲ್ಲಿ. ಲಯಾತಿಕೊಗೆ ರೈಲಿಲ್ಲ. ಫ್ಲಾರೆನ್ಸ್ ಮತ್ತು ಪೀಸಾ ನಡುವಿನ ಮಾರ್ಗದಲ್ಲಿ ಪೊಂತೆದೆರಾ ನಿಲ್ದಾಣ ಸಿಗುತ್ತದೆ, ಅಲ್ಲಿಂದ ರಸ್ತೆ ದಾರಿ. ಪೀಸಾ, ಫ್ಲಾರೆನ್ಸ್‌ಗಿಂತ ಬಾಡಿಗೆ ಎಷ್ಟೋ ಕಮ್ಮಿ. ಒಂದು ಫ್ಲ್ಯಾಟ್ ಹಿಡಿದು ನಾಲ್ವರು ಹಂಚಿಕೊಂಡೆವು, ರಾತ್ರಿಗೆ ತಲೆಗೆ 25 ಯೂರೋ. ಆ ಊರಲ್ಲಿ ನನಗೆ ಇನ್ನೊಂದು ಸಂತೋಷ ಕಾದಿತ್ತು. ಸ್ಕೂಟರ್ ಮಾಡುವ ಪಿಯಾಜಿಯೊ ಕಂಪನಿಯ ಮುಖ್ಯ ಕಚೇರಿ ಅದೇ ಊರಲ್ಲಿದೆ. 1946ರಲ್ಲಿ ವೆಸ್ಪಾ ಹೊರಬಂದಿದ್ದು ಅಲ್ಲಿಂದ. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗಲ್ಲಿಗಳಲ್ಲಿ ಬಾಕ್ಸ್ ಸಾಗಿಸುವ ಆಪೆ ಗಾಡಿಯ ಮೂಲವೂ ಅದೇ ಕಂಪನಿ. ಅವರ ಮ್ಯೂಸಿಯಂನಲ್ಲಿ ಹಳೇ ಆಪೆ ನೋಡಿ ಅರ್ಧ ದಿನ ಅಲ್ಲೇ ಕಳೆದೆ. ಗೆಳೆಯರಿಗೆ ಪೀಸಾದ ಗೋಪುರ ನೋಡುವ ಆತುರ, ಅವರು ಹೋಗಿ ಬಂದರು.

ಶೋ ಮುಗಿಯುವುದು ನಡುರಾತ್ರಿ ಹತ್ತಿರ. ಆ ಹೊತ್ತಿಗೆ ಬಸ್ಸು ರೈಲು ನಂಬಿಕೊಳ್ಳಬೇಡಿ, ಕಾರು ಬೇಕೇ ಬೇಕು. ಕಲಬುರಗಿ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಎರಡು ದಿನದ ಕಾರು, ಪೆಟ್ರೋಲು ಸೇರಿ ತಲೆಗೆ ಐದು ಸಾವಿರ. ಸ್ಟೇರಿಂಗ್ ಎಡಕ್ಕೆ, ಗಾಡಿ ಬಲಕ್ಕೆ. ಹಗಲು ಒಮ್ಮೆ ಅದೇ ದಾರಿಯಲ್ಲಿ ಹೋಗಿ ಬಂದು ರೂಢಿ ಮಾಡಿಕೊಂಡೆ. ಹಳೇ ಪಟ್ಟಣಗಳ ನಡುಭಾಗಕ್ಕೆ ಹೊರಗಿನ ಕಾರು ಬಿಡುವುದಿಲ್ಲ, ಕ್ಯಾಮೆರಾ ಇರುತ್ತದೆ, ದಂಡ ಮನೆಗೇ ಬರುತ್ತದೆ. ಹಾಗಾಗಿ ಪೀಸಾಕ್ಕೆ ರೈಲೇ ವಾಸಿ. ಶೋ ಮುಗಿದ ಮೇಲೆ ಗದ್ದಲದಲ್ಲಿ ಸಿಕ್ಕಿಕೊಳ್ಳದೆ ಕಾಲು ಗಂಟೆಯಲ್ಲಿ ಹೊರಬಿದ್ದೆವು. ಕಾರು ಎಲ್ಲಿ ನಿಲ್ಲಿಸಿದ್ದೆವು ಎಂಬುದೂ ಗುಟ್ಟು.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಚಟ್ನಿ. ಹಾಲಿನ ಸಿಹಿ ಒಯ್ಯಬೇಡಿ, ಯುರೋಪಿನ ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ರೊಟ್ಟಿ, ರಾತ್ರಿ ಹೊರಗಿನ ಪಾಸ್ತಾ. ಅಷ್ಟರಲ್ಲೇ ಒಂಬತ್ತು ಸಾವಿರದೊಳಗೆ ಮುಗಿಯಿತು.

ಇನ್ನು ಶೋ. ಸಂಜೆಯೇ ಗುಡ್ಡದ ಮೇಲೆ ಜನ. ಊರಿಗೆ ಊರೇ ಅಲ್ಲಿತ್ತು, ಕೆಲಸಕ್ಕೂ, ಕೇಳಲಿಕ್ಕೂ. ನಮ್ಮ ಶರಣಬಸವೇಶ್ವರ ಜಾತ್ರೆ ಇದ್ದ ಹಾಗೆ. ಹಗಲು ಸುಡುವ ಬಿಸಿಲು, ಕತ್ತಲಾದ ಮೇಲೆ ತಣ್ಣನೆ ಗಾಳಿ, ಶಾಲು ಬೇಕಾಯಿತು. ತೋಳು ಹಿಡಿದು ಬೊಚೆಲ್ಲಿ ಅವರನ್ನು ವೇದಿಕೆಗೆ ಕರೆತಂದರು. ಹನ್ನೆರಡನೇ ವಯಸ್ಸಿಗೆ ಪೂರ್ತಿ ದೃಷ್ಟಿ ಹೋದವರು, ಅರವತ್ತೈದು ದಾಟಿದವರು. ಮೊದಲ ಸ್ವರ ಬಂದಾಗ ನಾನು ಸ್ಪೀಕರ್ ನೋಡುವುದನ್ನು ಬಿಟ್ಟೆ. ಫೋನಿನ ಮೀಟರ್‌ನಲ್ಲಿ ನಮ್ಮ ಸೀಟಿನ ಹತ್ತಿರ 85ರಿಂದ 90 ಡೆಸಿಬಲ್, ಅಷ್ಟೇ. ನಮ್ಮ ಮದುವೆ ಡಿಜೆಗಳು ನೂರು ದಾಟಿಸುತ್ತವೆ. ಅಷ್ಟು ಕಡಿಮೆಯಲ್ಲೂ ಅವರು ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು. ಯೂಟ್ಯೂಬ್‌ನಲ್ಲಿ ಆ ಉಸಿರು ಸಿಗುವುದಿಲ್ಲ. ಮಧ್ಯಸಪ್ತಕದ ಸ್ವರಗಳಲ್ಲಿ ವಯಸ್ಸು ತಿಳಿಯುತ್ತದೆ, ನಿಜ. ಆದರೆ 'ನೆಸ್ಸುನ್ ದೋರ್ಮಾ' ಎಂಬ ಒಪೆರಾ ಹಾಡಿನ ಕೊನೆಯ ಮೇಲಿನ ಸ್ವರಕ್ಕೆ ಏರಿದಾಗ ಗುಡ್ಡವೆಲ್ಲ ಎದ್ದು ನಿಂತಿತು. ನನ್ನ ಕಣ್ಣಲ್ಲೂ ನೀರು.

ಹೊರಡುವ ಮುಂಚೆ, ನಾನು ಗೌರವಿಸುವ ಹಿಂದುಸ್ತಾನಿ ಸಂಗೀತದ ಮೇಷ್ಟ್ರು ಒಬ್ಬರು "ಮೈಕ್ ಹಿಡಿದು ಹಾಡಿದರೆ ಅದು ಒಪೆರಾ ಹೇಗಾಗುತ್ತೆ" ಎಂದಿದ್ದರು. ಒಪೆರಾ ನಡೆಯುವ ರಂಗಮಂದಿರದೊಳಗೆ ಮೈಕ್ ಇಲ್ಲದೆ ಹಾಡುತ್ತಾರೆ, ಒಪ್ಪಿದೆ. ಆದರೆ ಬಯಲಿನಲ್ಲಿ ಸಾವಿರಾರು ಜನಕ್ಕೆ ಮುಟ್ಟಬೇಕಾದರೆ ಮೈಕ್ ಬೇಕು. 1953ರಿಂದ ನಡೆಯುತ್ತಿರುವ ಪುಣೆಯ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ನಾವಿಬ್ಬರೂ ರೈಲು ಹತ್ತಿ ಹೋಗುತ್ತೇವೆ, ಅಲ್ಲೂ ದೊಡ್ಡ ಪೆಂಡಾಲಿನಲ್ಲಿ ಮೈಕ್‌ನಲ್ಲೇ ಕೇಳುತ್ತೇವೆ, ಅಲ್ವಾ? ಮೈಕ್ ಇದ್ದರೆ ಗಾಯನ ಸಣ್ಣದಾಗುವುದಿಲ್ಲ. ಕೆಟ್ಟ ಸೌಂಡ್ ಹಾಕಿದರೆ ಸಣ್ಣದಾಗುತ್ತದೆ.

ವಾಪಸ್ ಬಂದ ಮೇಲೆ ನನ್ನ ಕೆಲಸದಲ್ಲೂ ಬದಲಾವಣೆ ಮಾಡಿದೆ. ಗಣಪತಿಗೆ ಎರಡು ಮಂಡಳಿಗಳನ್ನು ಒಪ್ಪಿಸಿ ಮುಂದಿನ ಬಾಕ್ಸ್‌ಗಳ ದನಿ ಇಳಿಸಿ, ಹಿಂದೆ ಡಿಲೇ ಕೊಟ್ಟು ಚಿಕ್ಕ ಜೋಡಿ ಇಟ್ಟೆ. ಭಜನೆಯ ಸಾಹಿತ್ಯ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿತು. ಈ ವರ್ಷ ಇನ್ನೂ ನಾಲ್ಕು ಕಡೆಯಿಂದ ಅದೇ ಬೇಕೆಂದು ಕೇಳಿದ್ದಾರೆ. ಬಾಡಿಗೆ ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ.

ಯಾದಗಿರಿಯ ಇಬ್ಬರು, ಬೀದರಿನ ಒಂದು ದಂಪತಿ ಈಗಾಗಲೇ ಆರ್‌ಡಿ ತೆರೆದಿದ್ದಾರೆ. ವಿಮಾನ ದರ ಏರುತ್ತಿರುವುದರಿಂದ ತಿಂಗಳಿಗೆ ಮೂರೂವರೆ ಸಾವಿರ ಕಟ್ಟಿ ಎಂದು ಹೇಳಿದ್ದೇನೆ. ನಮ್ಮ ಜೊತೆ ಸೇರುವವರು, ದುಡಿಮೆಯ ದಾಖಲೆಗಾಗಿ ಮೊದಲು ಆದಾಯ ತೆರಿಗೆ ರಿಟರ್ನ್ ಹಾಕಲು ಶುರು ಮಾಡಿ, ಆಮೇಲೆ ಹಾಡಿನ ಮಾತು.