ಮಂತ್ರವಿಲ್ಲದ ಮದುವೆ: ಕಾರವಾರ, ಶಿರಸಿ ಕಡೆಯ ನಾಸ್ತಿಕ ಜೋಡಿಗಳಿಗೆ ಕಾನೂನಿನ ದಾರಿ

ಹಾರ ಬದಲಾಯಿಸಿಕೊಂಡು, ಹಿರಿಯರ ಮುಂದೆ ನಾಲ್ಕು ಮಾತು ಓದಿ, ಪಾಯಸ ಉಂಡು ಎದ್ದರೆ ಮದುವೆ ಆಯಿತು ಎಂದುಕೊಳ್ಳುವವರು ಉಂಟು. ನೆಂಟರ ಲೆಕ್ಕದಲ್ಲಿ ಆಗಿರಬಹುದು, ಕಾನೂನಿನ ಲೆಕ್ಕದಲ್ಲಿ ಅನುಮಾನ. ಹಿಂದೂ ವಿವಾಹ ಕಾಯ್ದೆ, 1955ರ 7ನೇ ಕಲಂ ಇಬ್ಬರಲ್ಲಿ ಒಬ್ಬರ ಸಂಪ್ರದಾಯದ ಪ್ರಕಾರವಾದರೂ ಶಾಸ್ತ್ರ ನಡೆದಿರಬೇಕು ಎನ್ನುತ್ತದೆ. ತಮಿಳುನಾಡು 1967ರಲ್ಲಿ 7-ಎ ಕಲಂ ಸೇರಿಸಿ ಪುರೋಹಿತರಿಲ್ಲದ ಮದುವೆಗೆ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಇಲ್ಲ. ಶಾಸ್ತ್ರವೇ ನಡೆಯದೆ ಈ ಕಾಯ್ದೆಯಡಿ ಬರೀ ನೋಂದಣಿ ಮಾಡಿಸಿಕೊಂಡರೆ ಆ ಪ್ರಮಾಣಪತ್ರ ಮದುವೆಯನ್ನು ಹುಟ್ಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಸಪ್ತಪದಿ ಬೇಡ ಎನ್ನುವ ಜೋಡಿ ಹಿಂದೂ ವಿವಾಹ ಕಾಯ್ದೆಯ ಫಾರಂ ತುಂಬಿದರೆ, ಹತ್ತು ವರ್ಷದ ಮೇಲೆ ಆಸ್ತಿಯ ಜಗಳದಲ್ಲಿ ಎದುರು ವಕೀಲರು ಹಿಡಿಯುವುದು ಇದೇ ಎಳೆಯನ್ನು. ಮಂತ್ರಮಾಂಗಲ್ಯ ಮಾಡಿಕೊಳ್ಳುವವರಿಗೂ ಇದೇ ಎಚ್ಚರಿಕೆ: ಸಮಾರಂಭ ನಿಮಗೆ ಬೇಕಾದ ಹಾಗೆ ಇರಲಿ, ಕಾಗದ ಮಾತ್ರ ವಿಶೇಷ ವಿವಾಹ ಕಾಯ್ದೆ, 1954ರದ್ದಾಗಿರಲಿ.

ಈ ಕಾಯ್ದೆಗೆ ಒಂದು ತಮಾಷೆಯ ಪೂರ್ವಜನ್ಮವಿದೆ. 1872ರ ಹಳೆಯ ಕಾಯ್ದೆಯಡಿ ಮದುವೆಯಾಗಬೇಕಾದರೆ ‘ನಾನು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮವನ್ನೂ ಅನುಸರಿಸುವವನಲ್ಲ’ ಎಂದು ಬರೆದುಕೊಡಬೇಕಿತ್ತು. ನಾಸ್ತಿಕರಿಗೆ ಸಲೀಸು, ಆಸ್ತಿಕರಿಗೆ ಫಜೀತಿ. 1954ರ ಕಾಯ್ದೆ ಆ ಪ್ರಶ್ನೆಯನ್ನೇ ಕಿತ್ತು ಹಾಕಿತು. ಈಗಿನ ನೋಟಿಸಿನ ನಮೂನೆಯಲ್ಲಿರುವುದು ಹೆಸರು, ಅವಿವಾಹಿತರೋ ವಿಧುರರೋ ವಿಚ್ಛೇದಿತರೋ ಎಂಬ ಸ್ಥಿತಿ, ಉದ್ಯೋಗ, ವಯಸ್ಸು, ವಾಸಸ್ಥಳ, ಅದು ಕಾಯಂ ಅಲ್ಲದಿದ್ದರೆ ಕಾಯಂ ವಿಳಾಸ, ಅಲ್ಲಿ ಎಷ್ಟು ದಿನದಿಂದ ವಾಸ ಎಂಬುದು. ಧರ್ಮದ ಕಾಲಂ ಇಲ್ಲ, ಜಾತಿಯದ್ದೂ ಇಲ್ಲ. ತಂದೆತಾಯಿಯ ಒಪ್ಪಿಗೆ ಪತ್ರವನ್ನು ಕಾಯ್ದೆ ಎಲ್ಲಿಯೂ ಕೇಳುವುದಿಲ್ಲ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ‘ಯಾವ ಕಲಂ ಪ್ರಕಾರ ಬೇಕು, ಹಿಂಬರಹ ಕೊಡಿ’ ಎನ್ನಿ. ಜಗಳ ಬೇಡ, ಬರಹದಲ್ಲಿ ಕೇಳಿದರೆ ಸಾಕು.

ಯಾರಿಗೆ ಸಾಧ್ಯ ಎಂಬುದನ್ನು ಬೇಗ ಮುಗಿಸೋಣ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಿಗೂ ಬದುಕಿರುವ ಸಂಗಾತಿ ಇರಬಾರದು. ಒಪ್ಪಿಗೆ ಕೊಡುವ ಮನಃಸ್ಥಿತಿ ಇರಬೇಕು. ನಿಷೇಧಿತ ಸಂಬಂಧ ಆಗಿರಬಾರದು. ಈ ಕೊನೆಯದರಲ್ಲಿ ಎಡವುವವರು ಸೋದರಮಾವನ ಮಗಳನ್ನು ಪ್ರೀತಿಸಿದವರು. ಊರಲ್ಲಿ ಅದು ಸಹಜ ಸಂಬಂಧ, ಈ ಕಾಯ್ದೆಯ ಪಟ್ಟಿಯಲ್ಲಿ ನಿಷೇಧಿತ. ರೂಢಿಯ ವಿನಾಯಿತಿ ಇದೆ, ಆದರೆ ಆ ರೂಢಿಯನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿರಬೇಕು. ಮೊದಲು ವಕೀಲರನ್ನು ಕಂಡು ಬನ್ನಿ. ಸಲಿಂಗ ಜೋಡಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ಅನ್ಯಾಯ, ಆದರೆ ಸದ್ಯದ ಕಾನೂನು ಅದೇ.

ನೋಟಿಸು ಎಲ್ಲಿ ಕೊಡಬೇಕು

ಇಬ್ಬರಲ್ಲಿ ಒಬ್ಬರಾದರೂ ನೋಟಿಸಿನ ದಿನಕ್ಕೆ ಹಿಂದಿನ 30 ದಿನ ವಾಸವಿದ್ದ ವ್ಯಾಪ್ತಿಯ ವಿವಾಹ ಅಧಿಕಾರಿಗೆ ಕೊಡಬೇಕು. ನಮ್ಮ ಕಡೆ ವಿಚಾರಿಸಬೇಕಾದ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ಆಧಾರ್, ವಾಸದ ದಾಖಲೆ (ಬಾಡಿಗೆ ಕರಾರು, ಕರೆಂಟ್ ಬಿಲ್ಲು), ತಲಾ ಆರು ಪಾಸ್‌ಪೋರ್ಟ್ ಫೋಟೊ ಇಟ್ಟುಕೊಳ್ಳಿ. ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ ಬೇಕೇ ಬೇಕು.

ದಾಖಲೆಗಳಲ್ಲಿ ಮೊದಲು ನೋಡಬೇಕಾದ್ದು ಅಡ್ಡಹೆಸರು. ಅಂಕೋಲಾ, ಕುಮಟಾ ಕಡೆ ‘ನಾಯಕ’ ಬೇರೆ, ‘ನಾಯ್ಕ’ ಬೇರೆ. ಅಂಕಪಟ್ಟಿಯಲ್ಲಿ ನಾಯ್ಕ, ಆಧಾರ್‌ನಲ್ಲಿ ನಾಯಕ ಎಂದಿದ್ದರೆ ಗುಮಾಸ್ತರು ವಾಪಸ್ ಕಳಿಸುತ್ತಾರೆ. ಹಾಗೇ ದಾಟಿ ಹೋದರೂ ನಾಳೆ ಪ್ರಮಾಣಪತ್ರದಲ್ಲಿ ಬೇರೆಯೇ ಮನುಷ್ಯ ಕೂತಿರುತ್ತಾನೆ. ಘಟ್ಟದ ಮೇಲಿನವರಿಗೆ ಇನಿಶಿಯಲ್ಲಿನ ತೊಂದರೆ: ಒಂದು ಕಡೆ ತಂದೆಯ ಹೆಸರು ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ನೋಟಿಸು ಕೊಡುವ ಮೊದಲೇ ಸರಿಪಡಿಸಿ. ‘ಎರಡೂ ಹೆಸರಿನ ವ್ಯಕ್ತಿ ಒಬ್ಬರೇ’ ಎಂದು ಅಫಿಡವಿಟ್ ಮಾಡಿಸುವುದಾದರೆ ಟೈಪ್ ಮಾಡುವವರ ಅಚ್ಚಿನಲ್ಲಿ ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ’ ಎಂದು ಬಂದುಬಿಡುತ್ತದೆ. ಅದನ್ನು ‘ಸತ್ಯನಿಷ್ಠೆಯಿಂದ ದೃಢೀಕರಿಸಿ’ ಎಂದು ಬದಲಿಸಲು ಹೇಳಿ. 1969ರ ಪ್ರಮಾಣವಚನ ಕಾಯ್ದೆ ಎರಡಕ್ಕೂ ಒಂದೇ ಬೆಲೆ ಕೊಡುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತಾಗಲೂ ಹಾಗೆಯೇ.

ನೋಟಿಸು ಕೊಟ್ಟ ಕೂಡಲೇ ದಿನಾಂಕವಿರುವ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮುಂದಿನ ಎಲ್ಲ ಲೆಕ್ಕ ನಿಂತಿರುವುದು ಆ ಸೀಲಿನ ಮೇಲೆ.

ಗುಟ್ಟು ಉಳಿಯುವುದಿಲ್ಲ

‘ಶಿರಸಿಯಲ್ಲಿ ಎಲ್ಲರೂ ಗುರುತಿನವರು, ಕಾರವಾರದಲ್ಲಿ ಕೊಟ್ಟರೆ ಗೊತ್ತಾಗುವುದಿಲ್ಲ’ ಎಂಬ ಲೆಕ್ಕ ತಪ್ಪು. ನೋಟಿಸನ್ನು ವಿವಾಹ ನೋಟಿಸ್ ಪುಸ್ತಕದಲ್ಲಿ ದಾಖಲಿಸುತ್ತಾರೆ. ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಪ್ರತಿಯೊಂದನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಇಬ್ಬರಲ್ಲಿ ಒಬ್ಬರ ಕಾಯಂ ವಾಸ ಬೇರೆ ಅಧಿಕಾರಿಯ ವ್ಯಾಪ್ತಿಯಲ್ಲಿದ್ದರೆ 6ನೇ ಕಲಮಿನ ಪ್ರಕಾರ ಅಲ್ಲಿಗೂ ಪ್ರತಿ ಹೋಗುತ್ತದೆ, ಅಲ್ಲಿಯ ಬೋರ್ಡಿಗೂ ಏರುತ್ತದೆ. ಜಮೀನಿನ ಪ್ರಕಟಣೆಗಳ ನಡುವೆ, ಮಳೆಗಾಲದ ಥಂಡಿಗೆ ಅಂಚು ಮುದುಡಿದ ಒಂದು ಹಾಳೆ, ಒಂದು ಗುಂಡುಪಿನ್ನು, ನಿಮ್ಮಿಬ್ಬರ ವಿಳಾಸ. ಖಾತೆ ಬದಲಾವಣೆಗೆ ಬಂದ ದಾಯಾದಿಯ ಕಣ್ಣಿಗೆ ಬೀಳಲು ಅಷ್ಟು ಸಾಕು. ಮನೆಯವರಿಗೆ ಹೇಳುವುದಾದರೆ ಬೋರ್ಡು ಹೇಳುವ ಮೊದಲು ನೀವೇ ಹೇಳಿ. ಹೇಳಿದರೆ ಜೀವಕ್ಕೆ ಅಪಾಯ ಎಂಬ ಪರಿಸ್ಥಿತಿ ಇದ್ದರೆ, ನೋಟಿಸಿಗೆ ಮೊದಲೇ ಇರಲು ಬೇರೆ ಜಾಗ ನೋಡಿಕೊಳ್ಳಿ.

ಆದರೆ ಮನೆಬಾಗಿಲಿಗೆ ನೋಟಿಸು ಕಳಿಸಬೇಕೆಂದು ಕಾಯ್ದೆಯಲ್ಲಿಲ್ಲ. ಹಾಗೆ ಕಳಿಸುವುದು ಖಾಸಗಿತನಕ್ಕೆ ಧಕ್ಕೆ ಎಂದು ದೆಹಲಿ ಹೈಕೋರ್ಟ್ 2009ರಲ್ಲೇ ಹೇಳಿದೆ. ಜೋಡಿ ಬಯಸದಿದ್ದರೆ ಬೋರ್ಡಿಗೂ ಹಚ್ಚಬೇಕಿಲ್ಲ ಎಂದು 2021ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ಅಧಿಕಾರಿಗಳನ್ನು ಅದು ಕಟ್ಟಿಹಾಕುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಬರುವುದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೇಲೂ ಈ ಬೋರ್ಡು ಗೋಡೆಯ ಮೇಲೆ ಉಳಿದಿರುವುದು ವಿಚಿತ್ರವೇ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಎರಡು ಗಡಿಯಾರ

ಇಲ್ಲಿ ಬಹಳ ಜನ ದಿನ ತಪ್ಪುತ್ತಾರೆ. ತಕರಾರಿನ 30 ದಿನ ಶುರುವಾಗುವುದು ನೋಟಿಸು ಪ್ರಕಟವಾದ ದಿನದಿಂದ. ಮದುವೆ ಮುಗಿಸಬೇಕಾದ ಮೂರು ತಿಂಗಳ ಗಡುವು ನೋಟಿಸು ಕೊಟ್ಟ ದಿನದಿಂದ. ಜೂನ್ 2ಕ್ಕೆ ಕೊಟ್ಟಿರಿ, ಬೋರ್ಡಿಗೆ ಏರಿದ್ದು ಜೂನ್ 5ಕ್ಕೆ ಎನ್ನೋಣ. ತಕರಾರಿಗೆ ಜುಲೈ 5ರವರೆಗೆ ಅವಕಾಶ, ಮದುವೆಗೆ ದಾರಿ ಜುಲೈ 6ರಿಂದ, ಸೆಪ್ಟೆಂಬರ್ 2 ದಾಟಿದರೆ ನೋಟಿಸು ರದ್ದು, ಮತ್ತೆ ಮೊದಲಿನಿಂದ. ಆದ್ದರಿಂದ ಬೋರ್ಡಿಗೆ ಯಾವತ್ತು ಏರಿತು ಎಂದು ಹೋಗಿ ನೋಡಿ, ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಕೊಟ್ಟ ಹಾಳೆ ಮೇಜಿನ ಮೇಲೇ ವಾರ ಮಲಗಿದರೆ ನಿಮ್ಮ ಮೂರು ತಿಂಗಳು ಅಷ್ಟು ಸವೆಯಿತು.

ಮಳೆಗಾಲದ ನೋಟಿಸಿಗೆ ಇನ್ನೊಂದು ತೊಡಕು. ಮೂವರು ಸಾಕ್ಷಿಗಳು ಅದೇ ಹೊತ್ತಿಗೆ ಅದೇ ಕೋಣೆಯಲ್ಲಿರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋಗಿತ್ತು. ದೇವಿಮನೆ ಘಟ್ಟವನ್ನೂ ಆಷಾಢದಲ್ಲಿ ನಂಬುವಂತಿಲ್ಲ. ಸಾಕ್ಷಿಗಳಲ್ಲಿ ಇಬ್ಬರಾದರೂ ಕಚೇರಿ ಇರುವ ಊರಿನವರಾಗಿರಲಿ, ಮೀಸಲಿಗೆ ನಾಲ್ಕನೆಯವರೊಬ್ಬರಿರಲಿ.

ಕಾಳಿ ದಾಟಿ ಗೋವಾಕ್ಕೆ ಹೋದರೆ ಸುಲಭ ಎಂಬ ಮಾತು ಕಾರವಾರದಲ್ಲಿ ಕೇಳಿಬರುತ್ತದೆ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಚಾಲ್ತಿಯಲ್ಲಿದೆ. ನೋಂದಣಿಯ ಹಂತಗಳೂ ಬೇರೆ, ಗಂಡ-ಹೆಂಡಿರ ಆಸ್ತಿಯ ನಿಯಮವೂ ಬೇರೆ. ತಿಳಿಯದೆ ಹೋಗಬೇಡಿ.

ತಕರಾರು ಬಂದರೆ

ಯಾರು ಬೇಕಾದರೂ ತಕರಾರು ಸಲ್ಲಿಸಬಹುದು, ಏನು ಬೇಕಾದರೂ ಅಲ್ಲ. ವಯಸ್ಸು, ಬದುಕಿರುವ ಸಂಗಾತಿ, ಮನಃಸ್ಥಿತಿ, ನಿಷೇಧಿತ ಸಂಬಂಧ: 4ನೇ ಕಲಮಿನ ಈ ಷರತ್ತುಗಳ ಮೇಲೆ ಮಾತ್ರ. ‘ಬೇರೆ ಜಾತಿ’, ‘ದೇವರನ್ನು ನಂಬುವುದಿಲ್ಲ’, ‘ತಾಯಿ ಅಳುತ್ತಿದ್ದಾರೆ’ ಇವು ಕಾನೂನಿನ ತಕರಾರಲ್ಲ. ಬಾಯಿಮಾತಿನಲ್ಲಿ ಬಂದದ್ದನ್ನು ಅಧಿಕಾರಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ತಕರಾರುದಾರರ ಸಹಿ ಪಡೆಯಬೇಕು. ‘ಸಹಿ ಆಗಿದೆಯೇ?’ ಎಂದು ಕೇಳಿ. ಪುಸ್ತಕ ನೋಡುವ ಹಕ್ಕು ನಿಮಗೂ ಇದೆ. ತಕರಾರು ಬಂದ 30 ದಿನದೊಳಗೆ ವಿಚಾರಣೆ ಮುಗಿದು ತೀರ್ಮಾನ ಬರಬೇಕು. ತಕರಾರು ಪ್ರಾಮಾಣಿಕವಲ್ಲ ಎಂದು ಕಂಡರೆ ಅಧಿಕಾರಿ ₹1,000ದವರೆಗೆ ವೆಚ್ಚ ಹೇರಬಹುದು. 1954ರಲ್ಲಿ ಅದು ದೊಡ್ಡ ಮೊತ್ತ, ಈಗ ಯಾರೂ ಹೆದರುವುದಿಲ್ಲ. ತಕರಾರನ್ನು ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ, ಅದಕ್ಕೂ 30 ದಿನ.

ಠಾಣೆಯಲ್ಲಿ ‘ಕಾಣೆಯಾಗಿದ್ದಾಳೆ’ ಎಂದು ದೂರು ಬೀಳುವುದೇ ಹೆಚ್ಚು. ಹಾಗಾದರೆ ಅಡಗಿ ಕೂರಬೇಡಿ. ವಯಸ್ಸಿನ ದಾಖಲೆಯ ಪ್ರತಿ ಹಚ್ಚಿ, ‘ಸ್ವಇಚ್ಛೆಯಿಂದ ಬಂದಿದ್ದೇನೆ’ ಎಂದು ಸಹಿ ಮಾಡಿದ ಹೇಳಿಕೆಯನ್ನು ವಕೀಲರ ಮೂಲಕ ಕೊಡಿ, ಒಂದು ಪ್ರತಿ ಕಾರವಾರದ ಎಸ್‌ಪಿ ಕಚೇರಿಗೆ. 2021ರಲ್ಲಿ ಬೆಳಗಾವಿ ಜಿಲ್ಲೆಯ ಇಂಥದ್ದೇ ಪ್ರಕರಣದಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆತನದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದ ಸುಪ್ರೀಂ ಕೋರ್ಟ್, ಠಾಣೆಗೇ ಬರಬೇಕೆಂದು ಒತ್ತಾಯಿಸಿದ ತನಿಖಾಧಿಕಾರಿಗೆ ತಿಳಿವಳಿಕೆ ಕೊಡಿಸಿ ಎಂದಿತು. ಬೆದರಿಕೆ ಇದ್ದರೆ 2018ರ ಶಕ್ತಿವಾಹಿನಿ ತೀರ್ಪನ್ನು ಅರ್ಜಿಯಲ್ಲಿ ಹೆಸರಿಸಿ: ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಅಗತ್ಯ ಬಿದ್ದರೆ ಸುರಕ್ಷಿತ ವಸತಿ ಎಂದು ಅದರಲ್ಲಿ ನಿರ್ದೇಶನವಿದೆ. ತುರ್ತಿಗೆ 112. ವಕೀಲರ ಫೀಸಿಗೆ ಹಣವಿಲ್ಲದ ಹೆಣ್ಣುಮಗಳು ಕಾನೂನು ಸೇವಾ ಪ್ರಾಧಿಕಾರವನ್ನು 15100ರಲ್ಲಿ ಸಂಪರ್ಕಿಸಲಿ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಬಾಯಿಗೆ ಎಷ್ಟು ಲಗಾಮು

ನಾಸ್ತಿಕ ಎಂದು ಹೇಳಿಕೊಳ್ಳುವುದು ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಧರ್ಮಕ್ಕಿಂತ ಮೊದಲು ಹೆಸರಿಸುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಮಾತಿಗೆ 19(1)(ಎ) ಇದೆ. ಆಮಂತ್ರಣದಲ್ಲಿ ‘ಮುಹೂರ್ತ ನೋಡಿಲ್ಲ, ರಾಹುಕಾಲದಲ್ಲೇ ಊಟ’ ಎಂದು ಅಚ್ಚು ಹಾಕಿಸಿದರೆ ಯಾರ ಕೇಸೂ ನಿಲ್ಲುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ (ಹಳೆಯ 295-ಎ) ಹಿಡಿಯುವುದು ಧಾರ್ಮಿಕ ಭಾವನೆಯನ್ನು ಕೆರಳಿಸಲೆಂದೇ, ದುರುದ್ದೇಶದಿಂದ, ಬೇಕೆಂದೇ ಮಾಡಿದ ಅವಮಾನವನ್ನು. ಶಿಕ್ಷೆ ಮೂರು ವರ್ಷದವರೆಗೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1957ರಲ್ಲೇ ಗುರುತಿಸಿದೆ. ‘ಹೋಮ ಬೇಡ ಎಂದೆವು, ಕಾರಣ ಇದು’ ಎಂಬುದು ವಿಚಾರ. ಅತ್ತೆಮನೆಯ ದೇವರ ಫೋಟೊ ತಿರುಚಿ ಗ್ರೂಪಿಗೆ ಹಾಕುವುದು ಕೇಸಿಗೆ ಆಹ್ವಾನ, ಸಂಸಾರಕ್ಕೂ ಒಳ್ಳೆಯದಲ್ಲ. ಮೂರು ವರ್ಷದಿಂದ ಏಳರೊಳಗಿನ ಶಿಕ್ಷೆಯ ಮಾತು-ಬರಹದ ದೂರುಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನದ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ ಇದನ್ನು ನೆನಪಿಸಿ. ಐಟಿ ಕಾಯ್ದೆಯ 66-ಎ ಎಂದು ಯಾರಾದರೂ ಹೆದರಿಸಿದರೆ, ಅದು 2015ರಲ್ಲೇ ರದ್ದಾಗಿದೆ.

ಮಾನನಷ್ಟ ಬೇರೆ ವಿಷಯ. ತಕರಾರು ಕೊಟ್ಟ ಚಿಕ್ಕಪ್ಪನ ಹೆಸರು ಹಾಕಿ ‘ದುಡ್ಡಿಗಾಗಿ ಮಾಡಿದ’ ಎಂದು ಬರೆಯಬೇಡಿ, ಅದನ್ನು ನೀವೇ ರುಜುವಾತು ಮಾಡಬೇಕಾಗುತ್ತದೆ. ಆ 30 ದಿನ ಏನನ್ನೂ ಬರೆಯದಿರುವುದು ಜಾಣತನ. ಅಜ್ಜಿ ಮನೆಯಲ್ಲಿ ಆರತಿ ಎತ್ತಿದರೆ ಸುಮ್ಮನೆ ನಿಂತರಾಯಿತು. ಸುಮ್ಮನಿರುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಶಾಲಾಮಕ್ಕಳ ರಾಷ್ಟ್ರಗೀತೆಯ ಪ್ರಕರಣದಲ್ಲಿ 1986ರಲ್ಲೇ ತೀರ್ಮಾನವಾಗಿದೆ.

ಆ ದಿನ

ಮೊದಲು ಇಬ್ಬರೂ, ಮೂವರು ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕುತ್ತೀರಿ. ಸುಳ್ಳು ಬರೆದರೆ ಜೈಲು ಎಂಬ ಸಾಲು ಅದರಲ್ಲೇ ಇದೆ. ಆಮೇಲೆ ವಿಧಿ ನಿಮ್ಮಿಷ್ಟದ್ದು: ಹಾರ, ಪುಸ್ತಕ ವಿನಿಮಯ, ಏನೂ ಇಲ್ಲದಿದ್ದರೂ ಸರಿ. ಆದರೆ 12ನೇ ಕಲಮಿನ ಒಂದು ವಾಕ್ಯ ಬಿಡುವಂತಿಲ್ಲ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು ಹೇಳಬೇಕು: ‘ನಾನು, ಇಂಥವನು, ಇಂಥವಳಾದ ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ.’ ಅವಳೂ ಹಾಗೆಯೇ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಆದೀತು. ಕೊಂಕಣಿಯಲ್ಲೋ ಹವಿಗನ್ನಡದಲ್ಲೋ ಹೇಳಿದರೆ ಕಾಯ್ದೆಗೆ ಅಡ್ಡಿಯಿಲ್ಲ. ‘ಸಹಿ ಹಾಕಿ ಹೊರಡಿ’ ಎಂದು ಅವಸರ ಮಾಡಿದರೂ ಈ ಮಾತನ್ನು ಗಟ್ಟಿಯಾಗಿ ಹೇಳಿಯೇ ಹೊರಡಿ. ಮದುವೆ ಪೂರ್ಣವಾಗುವುದು ಇದರಿಂದ. ಕಚೇರಿ ಬೇಡ, ಮನೆಯಂಗಳ ಬೇಕು ಎಂದರೆ ಹೆಚ್ಚುವರಿ ಶುಲ್ಕ ಕಟ್ಟಿ ಅಧಿಕಾರಿಯನ್ನು ಹತ್ತಿರದ ಜಾಗಕ್ಕೆ ಕರೆಸಿಕೊಳ್ಳಬಹುದು.

ಅಡಿಕೆ ತೋಟದ ಅವಿಭಕ್ತ ಕುಟುಂಬದವರು ಇನ್ನೊಂದು ತಿಳಿದಿರಲಿ. ಹಿಂದೂ ಕುಟುಂಬದ ಸದಸ್ಯ ಮುಸ್ಲಿಂ ಅಥವಾ ಕ್ರೈಸ್ತ ಸಂಗಾತಿಯನ್ನು ಈ ಕಾಯ್ದೆಯಡಿ ಮದುವೆಯಾದರೆ, 19ನೇ ಕಲಮಿನಂತೆ ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ. ಪಾಲು ಹೋಗುವುದಿಲ್ಲ, ಒಟ್ಟು ಕುಟುಂಬದ ನಂಟು ಹೋಗುತ್ತದೆ. ಮುಂದಿನ ವಾರಸುದಾರಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಪ್ರಕಾರ: ಮಕ್ಕಳಿದ್ದರೆ ಸಂಗಾತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ, ಹೆತ್ತವರಿಗೆ ಏನೂ ಇಲ್ಲ. ಇಬ್ಬರೂ ‘ಹಿಂದೂ ಧರ್ಮ ಅನುಸರಿಸುವವರು’ ಆಗಿದ್ದರೆ 1976ರಲ್ಲಿ ಸೇರಿದ 21-ಎ ಕಲಮಿನಿಂದ ಇದ್ಯಾವುದೂ ಅನ್ವಯಿಸುವುದಿಲ್ಲ. ಘೋಷಿತ ನಾಸ್ತಿಕ ಹಿಂದೂ ಧರ್ಮ ‘ಅನುಸರಿಸುತ್ತಾನೆಯೇ’? ದಾಯಾದಿಗಳ ವಕೀಲರಿಗೆ ಒಳ್ಳೆಯ ಪ್ರಶ್ನೆ. ಒಂದು ಉಯಿಲು ಬರೆದಿಡಿ: ಇಬ್ಬರು ಸಾಕ್ಷಿಗಳು ಸಾಕು, ಛಾಪಾ ಕಾಗದವೂ ಬೇಡ. ಆದರೆ ಪಾಲು ಪಡೆಯುವವರೇ ಸಾಕ್ಷಿ ಹಾಕದಿರುವುದು ಒಳ್ಳೆಯದು.

ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಎರಡು ಹೆಸರು, ಮೂರು ಸಾಕ್ಷಿಗಳ ಸಹಿ ನೋಡಿಕೊಳ್ಳಿ. ದೃಢೀಕೃತ ನಕಲು ಮೂರಕ್ಕೆ ಅಲ್ಲೇ ಅರ್ಜಿ ಕೊಡಿ: ಪಾಸ್‌ಪೋರ್ಟಿಗೆ, ಬ್ಯಾಂಕಿಗೆ, ಪೆಟ್ಟಿಗೆಯಲ್ಲಿಡಲು. ಲ್ಯಾಮಿನೇಷನ್ ಮಾಡಿಸಬೇಡಿ. ಮತ್ತೆ ಆ ‘ನಾಯ್ಕ’ವನ್ನು ಇನ್ನೊಮ್ಮೆ ಓದಿ.