ಮಲೆನಾಡಿನ ತೇವದಲ್ಲಿ ಬೆಂಜೀನ್ ಅಳೆಯುವ ಬಗೆ

ಬೆಂಜೀನ್ ಎಂಬ ವಿಷಕಾರಿ ಆವಿಯ ಸೋರಿಕೆ ಎಲ್ಲಿದೆ ಎಂದು ಹುಡುಕಲು, ಅತಿನೇರಳೆ ದೀಪದಿಂದ ಆವಿ ಗುರುತಿಸುವ ಪಿಐಡಿ ಕೈಮೀಟರ್ ಸಾಕು. ಬೆಂಜೀನ್ ಎಷ್ಟಿದೆ ಎಂದು ತಿಳಿಯಲು ಅದನ್ನು ನಂಬಬೇಡಿ. ಅದರ 10.6 ಇವಿ (ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ದೀಪಕ್ಕೆ ಬೆಂಜೀನೂ ಒಂದೇ, ಬಿಸಿಲಿಗೆ ಮರಗಳು ಬಿಡುವ ಐಸೊಪ್ರೀನ್ ಆವಿಯೂ ಒಂದೇ. ಮಲೆನಾಡಿನಲ್ಲಿ ಮರಗಳಿಗೇನು ಬರ? ಹೊರಗಿನ ಗಾಳಿಯ ಬೆಂಜೀನಿಗೆ ನಮ್ಮಲ್ಲಿ 2009ರಿಂದ ಇರುವ ಮಿತಿ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಸಾಮಾನ್ಯ ಕೈಮೀಟರಿಗೆ ಸಿಗುವುದಿಲ್ಲ.

ಆವಿಯನ್ನು ಹಿಡಿದಿಡುವ ಟೆನಾಕ್ಸ್ ಎಂಬ ಪುಡಿ ತುಂಬಿದ ಉಕ್ಕಿನ ಟ್ಯೂಬ್ ಬಳಸಿ. ಮೊದಲು ಶುದ್ಧ ಸಾರಜನಕ ಹರಿಸುತ್ತ 320 ಡಿಗ್ರಿಯಲ್ಲಿ ಕಾಯಿಸಿ ಅದರೊಳಗಿನ ಹಳೆಯ ಆವಿ ಖಾಲಿ ಮಾಡಿ. ಶಿವಮೊಗ್ಗದ ಬಳಿಯ ಮಾಚೇನಹಳ್ಳಿಯಂಥ ಕಡೆ ಫೌಂಡ್ರಿಯ (ಲೋಹ ಎರಕದ ಕಾರ್ಖಾನೆಯ) ಗಾಳಿ ಬೀಸಿ ಹೋಗುವ ಬದಿಗೆ, ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಎರಡು ಟ್ಯೂಬ್ ಕಟ್ಟಿ. ಗಾಳಿ ಬರುವ ಬದಿಗೂ ಹಾಗೇ ಎರಡು. ಪ್ರತಿ ಜೋಡಿಯಲ್ಲಿ ಒಂದರಲ್ಲಿ ನಿಮಿಷಕ್ಕೆ 16.7 ಮಿ.ಲೀ., ಇನ್ನೊಂದರಲ್ಲಿ 66.7 ಮಿ.ಲೀ. ಹರಿದರೆ ಒಂದು ಗಂಟೆಗೆ 1 ಮತ್ತು 4 ಲೀಟರ್ ಗಾಳಿ ಹಾದುಹೋಗುತ್ತದೆ. ಪಂಪಿನ ಹರಿವನ್ನು ಟ್ಯೂಬ್ ಜೋಡಿಸಿಯೇ ಅಳೆಯಿರಿ, ಮೊದಲೂ ಕೊನೆಗೂ.

ಜೋಡಿ ಯಾಕೆಂದರೆ, 200 ಮಿ.ಗ್ರಾಂ. ಟೆನಾಕ್ಸ್ 20 ಡಿಗ್ರಿಯಲ್ಲಿ ಸುಮಾರು 6 ಲೀಟರ್ ಗಾಳಿಯ ಬೆಂಜೀನನ್ನು ಹಿಡಿದಿಡುತ್ತದೆ, ಪ್ರತಿ 10 ಡಿಗ್ರಿ ಏರಿದಂತೆ ಅದು ಅರ್ಧಕ್ಕಿಳಿಯುತ್ತದೆ. ಮಾರ್ಚ್ ಬಿಸಿಲಲ್ಲಿ 4 ಲೀಟರಿನ ಟ್ಯೂಬಿನಿಂದ ಬೆಂಜೀನ್ ನಿಲ್ಲದೆ ಹೊರಹೋಗುವ ಸಂಭವ ಹೆಚ್ಚು. ಎರಡರ ಲೀಟರ್‌ವಾರು ಫಲಿತಾಂಶದಲ್ಲಿ ಶೇ. 25ಕ್ಕಿಂತ ಹೆಚ್ಚು ಅಂತರವಿದ್ದು, 4 ಲೀಟರಿನದೇ ಕಡಿಮೆ ತೋರಿಸಿದರೆ ಅದನ್ನು ಬಿಟ್ಟುಬಿಡಿ.

ಮಳೆಗಾಲದಲ್ಲಿ ಆಗುವ ಎಡವಟ್ಟು ಬೇರೆ. ಐಸ್ ಪೆಟ್ಟಿಗೆಯಿಂದ ತೆಗೆದ ತಣ್ಣನೆ ಟ್ಯೂಬಿನ ಮುಚ್ಚಳ ಅಲ್ಲೇ ಬಿಚ್ಚಿದರೆ ಒಳಗೆ ಹನಿ ಕಟ್ಟುತ್ತದೆ, ಆ ನೀರು ಪ್ರಯೋಗಾಲಯದಲ್ಲಿ ಆವಿಗಳನ್ನು ಬೇರ್ಪಡಿಸಿ ಅಳೆಯುವ ಜಿಸಿ ಯಂತ್ರವನ್ನು ಕಾಡುತ್ತದೆ. ಟ್ಯೂಬ್ ಹೊರಗಿನ ಬಿಸಿಗೆ ಬರಲಿ, ಆಮೇಲೆ ಬಿಚ್ಚಿ. ಮುಗಿದ ಮೇಲೆ ಹಿತ್ತಾಳೆ ಮುಚ್ಚಳ ಬಿಗಿಮಾಡಿ ತಣ್ಣಗಿಡಿ. ತಣ್ಣಗಾದ ಮೇಲೆ ಸಡಿಲಾಗುವುದರಿಂದ ಮತ್ತೊಮ್ಮೆ ಬಿಗಿಮಾಡಿ. ಟ್ಯೂಬಿನ ಮೇಲೆ ಮಾರ್ಕರಿನಿಂದ ಬರೆಯಬೇಡಿ, ಶಾಯಿಯಲ್ಲೇ ದ್ರಾವಕವಿದೆ. ಜೊತೆಗೊಯ್ದು ಬಳಸದೆ ತಂದ ಒಂದು ಖಾಲಿ ಟ್ಯೂಬನ್ನೂ ಪರೀಕ್ಷೆಗೆ ಕೊಡಿ.

ಲೆಕ್ಕ ಹೀಗೆ: ಶಿವಮೊಗ್ಗದಲ್ಲಿ ಗಾಳಿಯ ಒತ್ತಡ ಸುಮಾರು 710 ಮಿ.ಮೀ. ಪಾದರಸ. 30 ಡಿಗ್ರಿಯಲ್ಲಿ ಎಳೆದ 1 ಲೀಟರ್ ಗಾಳಿ, 25 ಡಿಗ್ರಿ ಮತ್ತು 760 ಮಿ.ಮೀ.ಗೆ ಇಳಿಸಿದರೆ 0.92 ಲೀಟರ್. ಟ್ಯೂಬಿನಲ್ಲಿ 5.5 ನ್ಯಾನೋಗ್ರಾಂ ಸಿಕ್ಕಿದ್ದರೆ 5.5ನ್ನು 0.92ರಿಂದ ಭಾಗಿಸಿ: ಲೀಟರಿಗೆ 6 ನ್ಯಾನೋಗ್ರಾಂ, ಅಂದರೆ ಘನ ಮೀಟರಿಗೆ 6 ಮೈಕ್ರೋಗ್ರಾಂ. ಒಂದು ಗಂಟೆಯ ಈ ಅಂಕಿಯನ್ನು ವಾರ್ಷಿಕ ಮಿತಿಯ ಪಕ್ಕ ಇಟ್ಟು ಕಾರ್ಖಾನೆಯ ಮೇಲೆ ಹರಿಹಾಯಬೇಡಿ. ಅಡಿಕೆ ಸುಗ್ಗಿಯಾದರೆ, ಹತ್ತಿರದಲ್ಲಿ ಬೇಯಿಸುವ ಒಲೆ ಉರಿಯುತ್ತಿತ್ತೇ ಎಂದು ಪುಸ್ತಕದಲ್ಲಿ ಬರೆದಿರಬೇಕು. ಸೌದೆ ಹೊಗೆಯಲ್ಲೂ ಬೆಂಜೀನ್ ಇದೆ.